ಸೂರಕ್ಕಿಗೆ ಎರವಲು ಹೆಸರೇಕೆ?

ಮಾನ್ಯರೇ,

ಹಿತ್ತಿಲಿನ ದಾಸವಾಳಕ್ಕೆ ದಿನವೂ ಬರುವ ಸೂರಕ್ಕಿಯನ್ನು ಪಕ್ಕದ ಮನೆಯವರು ‘ಹಮ್ಮಿಂಗ್ ಬರ್ಡ್’ ಎಂದೇ ಕರೆಯುತ್ತಾರೆ. ತಿದ್ದಲು ಹೋಗಿ ಎರಡು ದಿನ ಮಾತು ಬಿಟ್ಟದ್ದೂ ಆಯಿತು. ಗಾಳಿಯಲ್ಲೇ ನಿಂತು ಮಕರಂದ ಹೀರುವ ಹಮ್ಮಿಂಗ್ ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಸೂರಕ್ಕಿ ಹೆಚ್ಚಾಗಿ ರೆಂಬೆಗೆ ಕಾಲೂರಿ, ಕತ್ತು ಬಾಗಿಸಿ ಮಕರಂದ ಹೀರುತ್ತದೆ; ಕೆಲವೊಮ್ಮೆ ಹೂವಿನ ಬುಡಕ್ಕೇ ಕೊಕ್ಕಿನಿಂದ ತೂತು ಕೊರೆದು ಕದಿಯುತ್ತದೆ. ಆಗೊಮ್ಮೆ ಈಗೊಮ್ಮೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಲ್ಲುವುದೂ ಉಂಟು; ಎಡವಟ್ಟಾಗುವುದು ಅಲ್ಲೇ.

ಹಾಗೆಂದು ತಪ್ಪೆಲ್ಲ ನೆರೆಯವರದಲ್ಲ. ಕೆಂಬೂತಕ್ಕೆ ಇಂಗ್ಲಿಷಿನವರು ಇಟ್ಟ ಹಳೆಯ ಹೆಸರು ‘ಕ್ರೋ ಫೆಸೆಂಟ್’. ಅದು ಕಾಗೆಯೂ ಅಲ್ಲ, ಕೋಳಿಯ ಬಳಗದ ಫೆಸೆಂಟೂ ಅಲ್ಲ, ಕೋಗಿಲೆಯ ಕುಟುಂಬದ್ದು. ‘ರಾಬಿನ್’ ಎಂದರೆ ಯುರೋಪಿನಲ್ಲೊಂದು ಹಕ್ಕಿ, ಅಮೆರಿಕದಲ್ಲಿ ಬೇರೆಯೇ. ಲ್ಯಾಟಿನ್ನಿನ ವೈಜ್ಞಾನಿಕ ಹೆಸರಾದರೂ ನೆಟ್ಟಗಿದೆಯೇ? ಬಾಲದ ಬುಡ ಕೆಂಪಗಿರುವ ಪಿಕಳಾರಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1766ರಲ್ಲಿ ‘ಕೇಫರ್’ ಎಂದು, ಅಂದರೆ ದಕ್ಷಿಣ ಆಫ್ರಿಕಾದ್ದೆಂದು ಹೆಸರಿಟ್ಟ. ಅದರ ಮೂಲ ನೆಲೆ ದಕ್ಷಿಣ ಏಷ್ಯಾದ ಕಡೆಯದು! ಆದರೂ ಆ ಹೆಸರು ಎಲ್ಲೆಡೆ ಒಂದೇ ಎಂಬುದಷ್ಟೇ ಸಮಾಧಾನ.

ತಮ್ಮಲ್ಲಿ ವಿನಂತಿ: ಹಕ್ಕಿಯ ಚಿತ್ರ ಅಚ್ಚಾದಾಗ ಕೆಳಗೆ ‘ಸುಂದರ ಪಕ್ಷಿ’ ಎಂದಷ್ಟೇ ಬರೆಯದೆ ಕನ್ನಡದ ಹೆಸರನ್ನೂ ವೈಜ್ಞಾನಿಕ ಹೆಸರನ್ನೂ ಕೊಡಿ. ಕತ್ತರಿಸಿ ಪಕ್ಕದ ಮನೆಗೆ ಕೊಂಡೊಯ್ಯುತ್ತೇನೆ.

– ಒಬ್ಬ ಓದುಗ