ತಿಂಗಳಿಗೊಮ್ಮೆ ಒಬ್ಬ ಆಪ್ತಸಮಾಲೋಚಕರನ್ನು ಅಂಗನವಾಡಿಗೆ ಕಳುಹಿಸಿ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,
ಕರ್ನಾಟಕ ಸರ್ಕಾರ.

ವಿಷಯ: ಅಂಗನವಾಡಿ ಕಾರ್ಯಕರ್ತೆಯರಿಗೆ ಮತ್ತು ಸಹಾಯಕಿಯರಿಗೆ ಕೇಂದ್ರದಲ್ಲಿಯೇ ಆಪ್ತಸಮಾಲೋಚನೆಯ ನೆರವು ಒದಗಿಸುವ ಕುರಿತು.

ಮಾನ್ಯರೇ,

ಹತ್ತೊಂಬತ್ತು ವರ್ಷಗಳಿಂದ ಒಂದೇ ಅಂಗನವಾಡಿ ಕೇಂದ್ರದಲ್ಲಿ ಕಾರ್ಯಕರ್ತೆಯಾಗಿರುವ ನಾನು ಈವರೆಗೆ ನಮ್ಮ ಮೇಲ್ವಿಚಾರಕಿಯವರನ್ನು ದಾಟಿ ಯಾರಿಗೂ ಪತ್ರ ಬರೆದವಳಲ್ಲ. ಗೌರವಧನ ತಡವಾದಾಗಲೂ, ಸಮೀಕ್ಷೆಯ ಮೇಲೆ ಸಮೀಕ್ಷೆ ಹೆಗಲೇರಿದಾಗಲೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಹಣದ ವಿಚಾರಕ್ಕಲ್ಲ. ಕಳೆದ ವರ್ಷ ಒಂದು ದಿನ ನಾಲ್ಕು ವರ್ಷದ ಮಗುವೊಂದನ್ನು ಹೊಡೆಯಲು ನಾನು ಕೈ ಎತ್ತಿದೆ. ಸಹಾಯಕಿ ಆ ಕೈಯನ್ನು ಹಿಡಿದುಕೊಳ್ಳದೇ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲು ಇಂದಿಗೂ ನನಗೆ ಧೈರ್ಯವಾಗುವುದಿಲ್ಲ.

ಆ ಹುಡುಗನ ತಂದೆ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹೇಗೆ ತೀರಿಕೊಂಡರೆಂಬುದನ್ನು ಊರಿನವರು ಪಿಸುಮಾತಿನಲ್ಲಷ್ಟೇ ಹೇಳುತ್ತಾರೆ. ನಾನೂ ಇಲ್ಲಿ ಬರೆಯುವುದಿಲ್ಲ. ಎರಡು ತಿಂಗಳ ಕಾಲ ಮಗು ಮೂಲೆ ಹಿಡಿದು ಕುಳಿತಿತ್ತು. ಆಮೇಲೆ ಪಕ್ಕದ ಮಕ್ಕಳ ಕೈ ಕಚ್ಚಲು, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಲು ಶುರುಮಾಡಿತು. ಮಕ್ಕಳ ಆರೋಗ್ಯ ತಪಾಸಣೆಗೆ ಬಂದ ಆರ್‌ಬಿಎಸ್‌ಕೆ ತಂಡದವರು ತೂಕ, ಎತ್ತರ, ಕಣ್ಣು, ಕಿವಿ ಎಲ್ಲವನ್ನೂ ನೋಡಿ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕೂಲಿಗೆ ಹೋಗುವ ತಾಯಿ ಒಂದು ದಿನದ ಸಂಪಾದನೆ ಬಿಟ್ಟು ಒಮ್ಮೆ ಹೋಗಿ ಬಂದಳು; ಎರಡನೇ ಸಲಕ್ಕೆ, "ನಿಮ್ಮ ಹತ್ತಿರವೇ ಇರಲಿ ಬಿಡಿ ಟೀಚರ್, ನೀವೇ ನೋಡಿಕೊಳ್ಳಿ" ಎಂದಳು. ಅತ್ತ ಉಳಿದ ತಾಯಂದಿರು, ಅವನನ್ನು ಬಿಡಿಸದಿದ್ದರೆ ತಮ್ಮ ಮಕ್ಕಳನ್ನು ಬಿಡಿಸುವುದಾಗಿ ಬಾಲವಿಕಾಸ ಸಮಿತಿಯ ಸಭೆಯಲ್ಲಿಯೇ ಹೇಳಿದರು. ನಾನು ನೋಡಿಕೊಂಡೆ. ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲವಾದ್ದರಿಂದ ತಪ್ಪಾಗಿಯೇ ನೋಡಿಕೊಂಡಿರಬೇಕು. ಹಾಜರಾತಿಯನ್ನು ಸರ್ಕಾರದ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ಗೆ ಏರಿಸಲು ಸಿಗ್ನಲ್‌ಗಾಗಿ ಬಾಗಿಲ ಬಳಿ ನಿಂತಿದ್ದ ಒಂದು ಬೆಳಿಗ್ಗೆ ಅವನು ಬಂದು ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದ. ಕೈ ಎತ್ತಿದ್ದು ಆಗ.

ಅದೇ ವಾರ ಸಂಬಂಧಪಟ್ಟ ಕಚೇರಿಗೆ ಲಿಖಿತ ಮನವಿ ಕೊಟ್ಟೆ. ಈ ಮಗುವಿನೊಡನೆ ಹೇಗಿರಬೇಕೆಂದು ನನಗೆ ತಿಳಿಸಿಕೊಡಬಲ್ಲವರನ್ನು ಒಮ್ಮೆ ಕೇಂದ್ರಕ್ಕೆ ಕಳುಹಿಸಿಕೊಡಿ ಎಂಬ ಒಂದೇ ಸಾಲಿನ ಬೇಡಿಕೆ ಅದರಲ್ಲಿತ್ತು. ಯಾರೂ ಬರಲಿಲ್ಲ. ಬದಲಿಗೆ ಒತ್ತಡ ನಿರ್ವಹಣೆಯ ಒಂದು ದಿನದ ಕಾರ್ಯಾಗಾರಕ್ಕೆ ಕಡ್ಡಾಯವಾಗಿ ಹಾಜರಾಗಬೇಕೆಂಬ ವಾಟ್ಸ್‌ಆ್ಯಪ್ ಸಂದೇಶ ಬಂದಿತು. ಫ್ಯಾನು ತಿರುಗದ ಸಭಾಭವನದಲ್ಲಿ ನಾವು ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದೆವು. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡು, ಮುಗುಳ್ನಗಬೇಕೆಂದು ವೇದಿಕೆಯ ಮೇಲಿದ್ದವರು ಹೇಳಿದರು. ನಾವು ಮುಗುಳ್ನಕ್ಕೆವು, ಅದರ ಫೋಟೊ ತೆಗೆಯಲಾಯಿತು. ಅದೇ ಹೊತ್ತಿಗೆ, ಗರ್ಭಿಣಿಯರ ಪಟ್ಟಿಯನ್ನು ನಾಲ್ಕು ಗಂಟೆಯೊಳಗೆ ಕಳುಹಿಸದವರ ಮೇಲೆ ಕ್ರಮ ಜರುಗಿಸಲಾಗುವುದೆಂಬ ಸಂದೇಶ ಇನ್ನೂರು ಫೋನುಗಳಲ್ಲಿಯೂ ಒಟ್ಟಿಗೇ ಸದ್ದು ಮಾಡಿತು. ಇದಾದ ಹನ್ನೆರಡನೆಯ ದಿನಕ್ಕೆ ನನಗೊಂದು ಕಾರಣ ಕೇಳಿ ನೋಟಿಸ್ ಬಂದಿತು. ಸಹಾಯಕಿ ರಜೆಯಲ್ಲಿದ್ದುದರಿಂದ ಕಾರ್ಯಾಗಾರದ ದಿನ ಕೇಂದ್ರದ ಬಾಗಿಲು ತೆರೆದಿರಲಿಲ್ಲ; ಅಂದು ಕೇಂದ್ರವನ್ನು ಮುಚ್ಚಿದ್ದೇಕೆಂದು ಮೂರು ದಿನಗಳೊಳಗೆ ವಿವರಣೆ ನೀಡಬೇಕಿತ್ತು. ಕಡ್ಡಾಯವಾಗಿ ಕರೆದದ್ದೂ, ಏಕೆ ಹೋದೆಯೆಂದು ಕೇಳಿದ್ದೂ ಒಂದೇ ಕಚೇರಿ. ಒತ್ತಡವನ್ನು ನಿರ್ವಹಿಸಿದ ಪ್ರಮಾಣಪತ್ರ ನನ್ನ ಬಳಿ ಇದ್ದುದರಿಂದ ಅದರ ನಕಲನ್ನೇ ವಿವರಣೆಯ ಜೊತೆಗೆ ಲಗತ್ತಿಸಿದೆ.

ಕಾನೂನನ್ನು ತಮಗೆ ಹೇಳುವಷ್ಟು ದೊಡ್ಡವಳು ನಾನಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಪ್ರತಿಯೊಬ್ಬ ವ್ಯಕ್ತಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವ ಹಕ್ಕನ್ನು ಕೊಟ್ಟಿರುವುದೂ, 29ನೇ ಸೆಕ್ಷನ್ ಮಾನಸಿಕ ಆರೋಗ್ಯ ಹೆಚ್ಚಿಸಲು ಮತ್ತು ಮಾನಸಿಕ ಕಾಯಿಲೆ ತಡೆಯಲು ಕಾರ್ಯಕ್ರಮ ರೂಪಿಸುವ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿರುವುದೂ ತಮಗೆ ತಿಳಿದೇ ಇರುತ್ತದೆ. ಮೆದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ; ಆ ಸಾಲನ್ನು ಪ್ರತಿ ತರಬೇತಿಯಲ್ಲಿಯೂ ನಮಗೆ ಓದಿಸಲಾಗುತ್ತದೆ. ಆ ಆರು ವರ್ಷಗಳಲ್ಲಿ ಮೂರನ್ನು ಮಗು ಯಾರ ಕಣ್ಣೆದುರು ಕಳೆಯುತ್ತದೆಯೋ ಆ ಹೆಂಗಸಿನ ಮನಸ್ಸು ಹೇಗಿದೆಯೆಂದು ಮಾತ್ರ ಯಾವ ತರಬೇತಿಯಲ್ಲಿಯೂ ಯಾರೂ ಕೇಳಿಲ್ಲ.

ಸಹಾಯವಾಣಿ ಇದೆಯಲ್ಲ ಎನ್ನಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್‌ನ 14416ಕ್ಕೆ ನಾನು ಕರೆ ಮಾಡಿದ್ದೇನೆ. ಅತ್ತ ಕಡೆಯವರು ತಾಳ್ಮೆಯಿಂದ ಕೇಳಿಸಿಕೊಂಡರು, ಅಂದು ರಾತ್ರಿ ನನಗೆ ನಿದ್ದೆಯೂ ಬಂದಿತು. ಅವರಿಗೆ ನಾನು ಋಣಿ. ಆದರೆ ಫೋನು ನನ್ನ ಕೇಂದ್ರದ ಮೂಲೆಯಲ್ಲಿ ಕುಳಿತು, ಆ ಹುಡುಗ ಯಾವ ಗಳಿಗೆಯಲ್ಲಿ ಕೆರಳುತ್ತಾನೆ, ಅದಕ್ಕೆ ಮೊದಲು ನನ್ನ ದನಿ ಹೇಗಿತ್ತು ಎಂಬುದನ್ನು ಗಮನಿಸಲಾರದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆಂಬುದೂ ನಿಜ. ಮಂಗಳವಾರವೂ ಅಂಗನವಾಡಿ ಇರುತ್ತದೆ.

ನಾನು ಕೇಳುತ್ತಿರುವುದು ಚಿಕಿತ್ಸೆಯನ್ನಲ್ಲ. ಮಕ್ಕಳೊಡನೆ ದಿನವಿಡೀ ಇರುವವರ ಜೊತೆ ಕುಳಿತು, ಅವರು ಕೆಲಸ ಮಾಡುವುದನ್ನು ನೋಡಿ, ಮಗುವಿನ ವರ್ತನೆಯ ಹಿಂದಿರುವುದನ್ನು ಅರ್ಥ ಮಾಡಿಸಿ, ಅವರ ಸಂಕಟವನ್ನೂ ಕೇಳಿಸಿಕೊಳ್ಳುವ ತರಬೇತಾದ ಸಮಾಲೋಚಕರಿಗೆ ಕೆಲವು ದೇಶಗಳ ಶಿಶುವಿಹಾರಗಳಲ್ಲಿ ಪ್ರತ್ಯೇಕ ಹುದ್ದೆಯೇ ಇದೆ. ಅಂಥವರೊಬ್ಬರನ್ನು ಪ್ರತಿ ವೃತ್ತಕ್ಕೆ, ಅಂದರೆ ಒಬ್ಬ ಮೇಲ್ವಿಚಾರಕಿಯ ಕೆಳಗಿನ ಕೇಂದ್ರಗಳ ಗುಂಪಿಗೆ, ನೇಮಿಸಿ, ತಿಂಗಳಿಗೊಮ್ಮೆಯಾದರೂ ಪ್ರತಿ ಕೇಂದ್ರಕ್ಕೆ ಕಳುಹಿಸಿ. ಸಹಾಯಕಿಯರನ್ನು ಮರೆಯಬೇಡಿ, ನನ್ನ ಕೈ ಹಿಡಿದವಳು ಸಹಾಯಕಿ. ಬರುವವರು ತಪಾಸಣೆಗೆ ಬರಕೂಡದು. ಅವರೊಡನೆ ನಾವು ಆಡಿದ ಮಾತು ಮೇಲ್ವಿಚಾರಕಿಯವರಿಗಾಗಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗಾಗಲಿ ತಲುಪಕೂಡದು, ಏಕೆಂದರೆ ಮಗುವಿನ ಮೇಲೆ ಕೈ ಎತ್ತಿದೆನೆಂದು ಒಪ್ಪಿಕೊಂಡವಳಿಗೆ ಇಂದು ದೊರೆಯುವುದು ಸಲಹೆಯಲ್ಲ, ಇನ್ನೊಂದು ನೋಟಿಸ್. ಈ ಪತ್ರದ ಕೆಳಗೆ ನನ್ನ ಹೆಸರಿಲ್ಲದಿರುವುದಕ್ಕೂ ಅದೇ ಕಾರಣ. ಇದಕ್ಕಾಗಿ ಮತ್ತೊಂದು ಆ್ಯಪ್ ಮಾತ್ರ ಮಾಡಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅನುದಾನವಿಲ್ಲ, ಹುದ್ದೆಗೆ ಮಂಜೂರಾತಿಯಿಲ್ಲ, ಅದು ಆರೋಗ್ಯ ಇಲಾಖೆಯ ವ್ಯಾಪ್ತಿ ಎಂಬ ಉತ್ತರಗಳನ್ನು ಬಲ್ಲೆ. ಎರಡು ಇಲಾಖೆಗಳ ನಡುವೆ ಒಂದು ಕಡತ ಓಡಾಡಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನೂ ಬಲ್ಲೆ. ಎಲ್ಲ ಕಡೆ ಆಗದಿದ್ದರೆ ಒಂದು ತಾಲ್ಲೂಕಿನಲ್ಲಿ ಶುರುಮಾಡಿ. 1975ರಲ್ಲಿ ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ ಕೂಡ ದೇಶದ 33 ಕಡೆಗಳಲ್ಲಷ್ಟೇ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ.

ಆ ಹುಡುಗ ಈ ಜೂನ್‌ನಲ್ಲಿ ಐದು ತುಂಬಿ ಇನ್ನೊಂದು ವರ್ಷ ನನ್ನ ಬಳಿಯೇ ಇರುತ್ತಾನೆ. ಈಗ ಕಚ್ಚುವುದು ಕಡಿಮೆಯಾಗಿದೆ. ಏಕೆ ಕಡಿಮೆಯಾಯಿತೆಂದು ನನಗೆ ತಿಳಿಯದು, ಆದ್ದರಿಂದ ಮತ್ತೆ ಶುರುವಾದರೆ ಏನು ಮಾಡಬೇಕೆಂಬುದೂ ತಿಳಿಯದು. ಜೂನ್‌ಗೆ ಮೊದಲು ಒಬ್ಬರನ್ನು ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ