ಹುಲಿ ಇಲ್ಲದ ಜಿಲ್ಲೆಯಿಂದ ಒಂದು ಥ್ಯಾಂಕ್ಸ್

ಇಂಟರ್ನ್‌ಶಿಪ್ ಮುಗಿಯಿತು. ಪ್ರಮಾಣಪತ್ರ ಕೈಸೇರಿದೆ, ಅದಕ್ಕೂ ಮೊದಲೇ ಕೊನೇ ತಿಂಗಳ ಸ್ಟೈಪೆಂಡ್ ಖಾತೆಗೆ ಬಂದಿದೆ. ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋಣ ಎಂದುಕೊಂಡಿದ್ದೆ. ಆದರೆ ಹೇಳಬೇಕಾದವರಲ್ಲಿ ಅರ್ಧ ಜನ ನೆಟ್‌ವರ್ಕ್ ಸಿಗದ ಅಡವಿಯಲ್ಲಿದ್ದಾರೆ, ಇನ್ನರ್ಧ ಜನ ಫೋನ್ ಎತ್ತಿದರೆ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು: ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ವಿದ್ಯಾರ್ಥಿನಿ. ಊರು ಸೇಡಂ ಕಡೆಯ ಒಂದು ಹಳ್ಳಿ. ವನ್ಯಜೀವಿ ಸಂರಕ್ಷಣೆಯ ಸಂಸ್ಥೆಯೊಂದು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಕರೆದಿದ್ದ ಸಂವಹನ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೆ. ಪತ್ರಿಕಾ ಪ್ರಕಟಣೆ, ಫೋಟೋಗಳ ಅಡಿಬರಹ, ಸೋಷಿಯಲ್ ಮೀಡಿಯಾ ಪೋಸ್ಟು, ಸಂಶೋಧಕರ ವರದಿಯನ್ನು ಊರ ಜನ ಓದುವ ಹಾಗೆ ಬರೆದುಕೊಡುವುದು, ಇವು ಕೆಲಸ. ಅವ್ವ ಮಾತ್ರ "ನಮ್ಮ ಹುಡುಗಿಗಿ ಮೃಗಾಲಯದಾಗ ನೌಕರಿ ಸಿಕ್ಕದ" ಎಂದು ಓಣಿಯಲ್ಲೆಲ್ಲ ಹೇಳಿಬಿಟ್ಟಳು. ಹುಲಿಗೆ ಮಾಂಸ ನೀನೇ ಹಾಕ್ತೀಯೇನು ಎಂದು ಈಗಲೂ ಕೇಳುವವರಿದ್ದಾರೆ.

ಹುಲಿ ನಮ್ಮ ಕಡೆ ಎಲ್ಲಿದೆ? ಕನ್ನಡದಲ್ಲಿ ಕಾಡುಪ್ರಾಣಿಯ ಮಾತು ಬಂದರೆ ಬಂಡೀಪುರ, ನಾಗರಹೊಳೆ, ಕಬಿನಿ, ಹೆಚ್ಚೆಂದರೆ ದಾಂಡೇಲಿ. ಕಲಬುರಗಿ ಎಂದರೆ ಬಿಸಿಲು, ತೊಗರಿ, ಅಲ್ಲಿಗೆ ಮುಗಿಯಿತು. ಸಂದರ್ಶನದಲ್ಲಿ ಸಂಸ್ಥೆಯ ಮೇಡಂ "ನಿಮ್ಮ ಕಡೆ ಏನೇನಿದೆ?" ಎಂದು ಕೇಳಿದಾಗ ನಾನು ಚಿಂಚೋಳಿಯಿಂದ ಶುರು ಮಾಡಿದೆ. 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ, ಸುಮಾರು 135 ಚದರ ಕಿಲೋಮೀಟರ್ ಒಣ ಕಾಡು, ನಡುವೆ ಚಂದ್ರಂಪಳ್ಳಿ ಜಲಾಶಯ, ಸುತ್ತ ಲಂಬಾಣಿ ತಾಂಡಾಗಳು. ಅಲ್ಲಿಂದ ಸುರಪುರದ ಬೋನಾಳ ಕೆರೆಯ ಬಣ್ಣದ ಕೊಕ್ಕರೆಗೆ ಹೋದೆ, ಬೀದರ್ ಕಡೆಯ ಚಿಗರಿ (ಕೃಷ್ಣಮೃಗ) ಹಿಂಡಿಗೆ ಹೋದೆ, ಕುರಿಗಾರರ ಬಾಯಲ್ಲಿ ಕೇಳಿದ ತೋಳದ ಸುದ್ದಿಗೆ ಬಂದೆ. ಅವರು ನಡುವೆ ತಡೆಯಲಿಲ್ಲ. ಕೊನೆಗೆ, "ಹಾಗಾದರೆ ನೀನು ಅಲ್ಲೇ ಇದ್ದು ಬರಿ, ಕಚೇರಿಗೆ ಬೇಕಾದಾಗಷ್ಟೇ ಬಾ" ಎಂದರು. ನನ್ನ ಮೊದಲ ಧನ್ಯವಾದ ಆ ಒಂದು ವಾಕ್ಯಕ್ಕೆ.

ಎರಡನೆಯದು ದುಡ್ಡಿಗೆ. ಇದನ್ನು ಹೇಳಲು ಸಂಕೋಚವೇನಿಲ್ಲ. 'ಅನುಭವ ಸಿಗುತ್ತೆ' ಎಂದು ಪುಕ್ಕಟೆ ದುಡಿಸಿಕೊಳ್ಳುವ ಇಂಟರ್ನ್‌ಶಿಪ್‌ಗಳು ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರ ಮಕ್ಕಳಿಗೆ ಅದು ನಡೆಯುತ್ತದೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿ ಹೋಗಿ, ಪಿಜಿಗೆ ಅಡ್ವಾನ್ಸ್ ಕಟ್ಟಿ, ತಿಂಗಳುಗಟ್ಟಲೆ ಸಂಬಳವಿಲ್ಲದೆ ಪ್ರಾಣಿಪಕ್ಷಿಯ ಸೇವೆ ಮಾಡು ಎಂದರೆ ನಮ್ಮಂಥ ಮನೆಗಳಲ್ಲಿ ಆಗುವ ಮಾತಲ್ಲ. ಇಲ್ಲಿ ಸ್ಟೈಪೆಂಡ್ ಇತ್ತು, ಓಡಾಟದ ಖರ್ಚು ಬೇರೆ ಇತ್ತು, ಬಸ್ ಟಿಕೆಟ್ಟಿನ ಫೋಟೋ ಕಳಿಸಿದರೆ ದುಡ್ಡು ಬರುತ್ತಿತ್ತು. ಲೆಕ್ಕಪತ್ರ ನೋಡುತ್ತಿದ್ದ ಸರ್ ಅವರಿಗೆ ನಮಸ್ಕಾರ. ಮಳೆಯಲ್ಲಿ ತೊಯ್ದು ಅಕ್ಷರವೇ ಅಳಿಸಿಹೋದ ಟಿಕೆಟ್ಟನ್ನೂ ನೀವು ಒಪ್ಪಿಕೊಂಡಿರಿ.

ಇನ್ನು ಕಾಕಾ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬುತ್ತ ಊರೂರು ತಿರುಗುವವರು. ಗೊಬ್ಬರಕ್ಕೆಂದು ರೈತರೇ ಕರೆಸಿ, ಕಾಳೋ ದುಡ್ಡೋ ಕೊಟ್ಟು ದಡ್ಡಿ, ಅಂದರೆ ರಾತ್ರಿ ಕುರಿ ಕೂಡುವ ಬಲೆಯ ಆವರಣ, ಹಾಕಿಸುತ್ತಾರೆ. ಮೊದಲ ದಿನ ಅವರು ನನ್ನ ಜೊತೆ ಮಾತೇ ಆಡಲಿಲ್ಲ, ನಾಯಿಗಳು ಮಾತ್ರ ಆಡಿದವು. ಮರುದಿನ ನಸುಕಿನಲ್ಲಿ ಹೋದಾಗ ಬಲೆಯ ಆಚೆ ಕರೆದುಕೊಂಡು ಹೋಗಿ ಒಣಗುತ್ತಿದ್ದ ಕೆಸರು ತೋರಿಸಿದರು. ಎರಡು ಸಾಲು ಹೆಜ್ಜೆ. ಒಂದು ಸಾಲು ಅಲ್ಲಿ ಮೂಸಿ ಇಲ್ಲಿ ಮೂಸಿ ಅಡ್ಡಾದಿಡ್ಡಿ ಹೋಗಿತ್ತು. ಇನ್ನೊಂದು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ದಡ್ಡಿಯ ಕಡೆ ಬಂದು, ಬಲೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಹಾಗೇ ನೆಟ್ಟಗೆ ಹಳ್ಳಕ್ಕೆ ಇಳಿದಿತ್ತು. "ತಿರುಗಾಡಿದ್ದು ನಮ್ಮ ನಾಯಿ ತಂಗಿ. ಇದು ತ್ವಾಳ. ಅದಕ್ಕ ಕೆಲಸ ಅದ, ಸುಮ್ನ ತಿರುಗಂಗಿಲ್ಲ" ಎಂದರು. ಆ ವರ್ಷ ಅವರು ಕಳೆದುಕೊಂಡಿದ್ದ ಮರಿಗಳ ಲೆಕ್ಕವನ್ನೂ ಹೇಳಿದರು. ಸಿಟ್ಟಿತ್ತು. ಆದರೆ ತೋಳವನ್ನು ಕೊಲ್ಲಬೇಕು ಎನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. "ಅದೂ ಹೊಟ್ಟಿಗೇ ಬರ್ತದ" ಎಂದಷ್ಟೇ ಹೇಳಿ ಚಹಾ ಕಾಸಲು ಎದ್ದರು.

ನಾನು ಹೋಗಿದ್ದು ಪೋಸ್ಟರ್ ಮಾಡಲು. ಕುರಿ ಸತ್ತರೆ ಏನು ಮಾಡಬೇಕು, ಅರಣ್ಯ ಇಲಾಖೆಗೆ ಹೇಗೆ ತಿಳಿಸಬೇಕು ಎನ್ನುವುದನ್ನು ಬಣ್ಣಬಣ್ಣದಲ್ಲಿ ಅಚ್ಚು ಹಾಕಿ ಪಂಚಾಯಿತಿ ಗೋಡೆಗೆ ಅಂಟಿಸುವ ಯೋಜನೆ. ಕಾಕಾ ಅದನ್ನು ಕೇಳಿ, "ನಾವು ಯಾವ ಪಂಚಾಯಿತಿ ಮುಂದ ನಿಂದ್ರತೀವಿ?" ಎಂದರು. ಆ ಪ್ರಶ್ನೆಯನ್ನು ಹಾಗೇ ಕಚೇರಿಗೆ ಕಳಿಸಿದೆ. ಪೋಸ್ಟರ್ ಅಲ್ಲಿಗೇ ನಿಂತಿತು. ಬದಲಿಗೆ ನಮ್ಮ ಕಡೆ ಮಾತಾಡುವ ಹಾಗೇ ಮಾತಾಡಿ ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋಗುವಂಥ ಆಡಿಯೋ ಮಾಡಿದೆವು: ಸತ್ತ ಕುರಿಯನ್ನು ಎತ್ತಬೇಡಿ, ಮೊದಲು ಫೋಟೋ ತೆಗೆಯಿರಿ, ಫಾರೆಸ್ಟ್‌ನವರಿಗೆ ಹೇಳಿ, ಪಶುವೈದ್ಯರ ಸರ್ಟಿಫಿಕೇಟ್ ತಗೊಳ್ಳಿ, ನಿಮ್ಮ ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸಿ. ದನಿ ಕಾಕಾನ ಮಗಳದು. ಹಿಂದೆ ಕುರಿ ಅರಚುವುದು ಕೇಳಿಸುತ್ತದೆ. ತೆಗೆಯಬೇಡ ಎಂದವರು ಮೇಡಂ.

ಚಿಂಚೋಳಿಯ ಕಾಡು ಕಾಯುವ ವಾಚರ್ ಅಣ್ಣಂದಿರಿಗೂ ಬಹಳ ಹೇಳಬೇಕು. ಕಾಡಿನಲ್ಲಿ ಕಟ್ಟಿಟ್ಟು, ಎದುರು ಏನಾದರೂ ಅಲ್ಲಾಡಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಎಂದರೆ ತೆರೆದ ಕೂಡಲೇ ಚಿರತೆ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಕಾರ್ಡು ಹಾಕಿ ನೋಡಿದರೆ ಗಾಳಿಗೆ ಅಲ್ಲಾಡಿದ ಹುಲ್ಲು, ಮತ್ತೆ ಹುಲ್ಲು, ಆಡು, ಎಮ್ಮೆ, ಲೆನ್ಸಿಗೇ ಮೂತಿ ಹಚ್ಚಿದ ಇನ್ನೊಂದು ಆಡು, ಮತ್ತೆ ಹುಲ್ಲು. ಆಮೇಲೆ ರಾತ್ರಿಯ ಒಂದು ಫ್ರೇಮಿನಲ್ಲಿ ಕತ್ತೆಕಿರುಬದ ಹಿಂಭಾಗ, ಬಾಲ ಮತ್ತು ಒಂದೂವರೆ ಕಾಲು. ಅಷ್ಟಕ್ಕೇ ಅಣ್ಣಂದಿರು ಮದುವೆ ಮನೆಯಲ್ಲಿದ್ದ ಹಾಗೆ ಸಂಭ್ರಮಪಟ್ಟರು. ಅದೇ ಕಾರ್ಡಿನಲ್ಲಿ ತಲೆ ಮೇಲೆ ಕಟ್ಟಿಗೆ ಹೊರೆ ಹೊತ್ತ ಹೆಣ್ಣುಮಕ್ಕಳೂ ಇದ್ದರು. ಮನುಷ್ಯರ ಮುಖ ಬಂದ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ಹೊರಗೆ ಹೋಗುವುದಿಲ್ಲ, ಇಲ್ಲೇ ಅಳಿಸು ಎಂದು ಮೇಡಂ ಮೊದಲೇ ಹೇಳಿದ್ದರು. ಎರಡು ವರ್ಷ ಪತ್ರಿಕೋದ್ಯಮ ಓದಿದ ನನಗೆ ತರಗತಿಯಲ್ಲಿ ಇದನ್ನು ಯಾರೂ ಇಷ್ಟು ಖಡಾಖಂಡಿತವಾಗಿ ಹೇಳಿರಲಿಲ್ಲ.

ತೋಳದ ಮರಿಗಳ ಫೋಟೋದ ವಿಷಯವೂ ಹಾಗೇ. ನಮ್ಮ ಕಡೆಯ ತೋಳಗಳು ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಒಬ್ಬರು ಗವಿಯ ಬಾಯಲ್ಲಿ ಆಡುತ್ತಿದ್ದ ಮರಿಗಳ ಫೋಟೋ ಕಳಿಸಿದರು. ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ಎಲ್ಲರ ಫೋನಿನಲ್ಲೂ ಇರುವಂಥ ಫೋಟೋ. ಆದರೆ ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಗುರುತು ಕೂತಿರುತ್ತದೆ. ಅದನ್ನು ಅಳಿಸಿದರೂ ಹಿಂದಿನ ಗುಡ್ಡವನ್ನು ಊರಿನವರು ಗುರುತು ಹಿಡಿಯುತ್ತಾರೆ. ಗವಿಗೆ ಹೊಗೆ ಹಾಕಿ ಮರಿ ಕೊಲ್ಲುವುದು ನಮ್ಮ ದೇಶದಲ್ಲಿ ಕಂಡು ಕೇಳರಿಯದ ಸಂಗತಿಯೇನಲ್ಲ. ಫೋಟೋ ಹಾಕಲಿಲ್ಲ. ಸಂವಹನ ವಿಭಾಗದಲ್ಲಿ ಕೂತು 'ಇದನ್ನು ಹೇಳುವುದು ಬೇಡ' ಎಂದು ತೀರ್ಮಾನಿಸುವುದಕ್ಕೆ ಗಟ್ಟಿ ಎದೆ ಬೇಕು. ಲೈಕುಗಳ ಲೆಕ್ಕ ಕೇಳುವ ಸಂಸ್ಥೆಯಾಗಿದ್ದರೆ ಅದು ಆಗುತ್ತಿರಲಿಲ್ಲ.

2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಕೊಂದ ಸುದ್ದಿ ಬಂದಾಗಿನಿಂದ ಅಲ್ಲಿಯ ವಿಡಿಯೋಗಳು ನಮ್ಮ ಜಿಲ್ಲೆಯದೇ ಎಂಬಂತೆ ಗ್ರೂಪುಗಳಲ್ಲಿ ಸುತ್ತುತ್ತವೆ. ನನಗೆ ಮೊದಲು ಕಳಿಸಿದವಳು ನಮ್ಮ ಸೋದರತ್ತೆ. ಅತ್ತೆ, ನಿನಗೂ ಥ್ಯಾಂಕ್ಸ್. ಊರ ತಾಯಂದಿರು ಏನಕ್ಕೆ ಹೆದರುತ್ತಿದ್ದಾರೆ ಎಂದು ತಿಳಿಯಲು ನನಗೆ ಸಮೀಕ್ಷೆ ಬೇಕಾಗಲಿಲ್ಲ. ಅಲ್ಲಿ ಸತ್ತ ಮಕ್ಕಳ ಸಂಕಟ ಸುಳ್ಳಲ್ಲ, ಆ ವಿಡಿಯೋ ಇಲ್ಲಿಯದು ಎನ್ನುವುದು ಸುಳ್ಳು. ಈ ಎರಡನ್ನೂ ಒಂದೇ ಪೋಸ್ಟಿನಲ್ಲಿ ಯಾರ ಮನಸ್ಸೂ ನೋಯದ ಹಾಗೆ ಬರೆಯುವುದು ನಾನು ಮಾಡಿದ ಅತಿ ಕಷ್ಟದ ಕೆಲಸ.

ಅತಿ ಕಷ್ಟದ ಸಂದರ್ಶನ ಮಾತ್ರ ಅಪ್ಪನದು. ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಒಂದನೇ ಷೆಡ್ಯೂಲ್‌ನಲ್ಲಿದೆ, ಮುಟ್ಟಿದರೆ ಜೈಲು. ಅಪ್ಪನ ಹೊಲದಲ್ಲಿ ಅದೇ ಚಿಗರಿ ಹೆಸರುಕಾಳಿನ ಮೊಳಕೆಯನ್ನೂ ತೊಗರಿಯ ಎಳೆ ಕುಡಿಯನ್ನೂ ಮೇಯುತ್ತದೆ. "ನೋಡ್ಲಿಕ್ಕಿ ಚಂದ ಅದ, ಖರೆ. ಎರಡನೇ ಸರ್ತಿ ಬಿತ್ತಿದ ಬೀಜದ ರೊಕ್ಕ ನಿಮ್ಮ ಸಂಸ್ಥಾದವರು ಕೊಡ್ತಾರೇನು, ಬರ್ಕೋ ಇದ್ನೂ" ಎಂದರು. ಮಗಳು ಎಂದು ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಬರೆದುಕೊಂಡೆ. ಚಿಗರಿಯ ಮೇಲಿನ ಲೇಖನವನ್ನು ಆ ಮಾತಿನಿಂದಲೇ ಶುರು ಮಾಡಿ ಕಳಿಸಿದೆ. ಸಂರಕ್ಷಣೆಯ ಸಂಸ್ಥೆ ಇದನ್ನು ಕೆಳಗೆ ತಳ್ಳುತ್ತದೆ ಇಲ್ಲವೇ ಕತ್ತರಿಸುತ್ತದೆ ಎಂದು ಅಂದುಕೊಂಡಿದ್ದೆ. ಮೇಡಂ ಬದಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಎರಡನೇ ಬಿತ್ತನೆಗೆ ಎಕರೆಗೆ ಎಷ್ಟು ಬೀಜ ಬೇಕಾಯಿತು? ಅಪ್ಪನನ್ನು ಕೇಳಿ ಸೇರಿಸು." ಲೇಖನ ಹಾಗೇ ಪ್ರಕಟವಾಯಿತು. ಅಪ್ಪ ಅದನ್ನು ಚಹಾದಂಗಡಿಯಲ್ಲಿ ಜೋರಾಗಿ ಓದಿಸಿಕೊಂಡರಂತೆ. ಚಿಗರಿ ಉಳಿಯಬೇಕೋ ಬೇಡವೋ ಎಂದು ಅಲ್ಲಿ ಜಗಳವೂ ಆಯಿತಂತೆ. ಇಡೀ ಇಂಟರ್ನ್‌ಶಿಪ್‌ನಲ್ಲಿ ನನಗೆ ಬಹಳ ಖುಷಿ ಕೊಟ್ಟ ಸುದ್ದಿ ಅದು.

ಉಳಿದವರನ್ನು ಬೇಗ ಬೇಗ ನೆನೆಯುತ್ತೇನೆ. ಲ್ಯಾಪ್‌ಟಾಪ್ ಕೊಟ್ಟು ತಾನು ಮೊಬೈಲಿನಲ್ಲೇ ಪ್ರಾಜೆಕ್ಟ್ ಟೈಪ್ ಮಾಡಿದ ಹಾಸ್ಟೆಲ್ ಗೆಳತಿ. ಹಾಜರಾತಿಯ ವಿಷಯದಲ್ಲಿ ವಿಭಾಗದ ಪರವಾಗಿ ಪತ್ರ ಬರೆದುಕೊಟ್ಟ ಗುರುಗಳು. ಹೋದಲ್ಲೆಲ್ಲ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟ ತಾಂಡಾದ ಅಕ್ಕಂದಿರು. ಕಾಕಾ, ನಿಮ್ಮ ಕುಟುಂಬದ ಫೋಟೋ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ, ಸೇಡಂ ಕಡೆ ದಡ್ಡಿ ಹಾಕಿದಾಗ ಒಂದು ಮಿಸ್ಡ್ ಕಾಲ್ ಕೊಡಿ.

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಜೂನಿಯರ್‌ಗಳಿಗೆ: ಇಂಥ ಇಂಟರ್ನ್‌ಶಿಪ್ ಕರೆದಾಗ 'ನಮ್ಮ ಕಡೆ ಏನಿದೆ' ಎಂದು ಬಿಡಬೇಡಿ, ಅರ್ಜಿ ಹಾಕಿ. ಬರಹದ ಮಾದರಿ ಕೇಳುತ್ತಾರೆ. ಹುಲಿ ಸಂರಕ್ಷಣೆಯ ಪ್ರಬಂಧ ಬೇಡ, ನಿಮ್ಮೂರ ಕೆರೆಗೆ ಯಾವ ಹಕ್ಕಿ ಬರುತ್ತದೆ, ಯಾರು ಅದನ್ನು ನೋಡುತ್ತಾರೆ ಎಂದು ಬರೆದು ಕಳಿಸಿ. ಬರೆದದ್ದನ್ನು ಒಮ್ಮೆ ಯಾರಾದರೂ ನೋಡಲಿ ಅನ್ನಿಸಿದರೆ ನನಗೆ ಮೆಸೇಜ್ ಮಾಡಿ, ನೋಡಿಕೊಡುತ್ತೇನೆ. ಪರೀಕ್ಷೆ ಮುಗಿಯುವ ತನಕ ಉತ್ತರ ಸ್ವಲ್ಪ ತಡವಾಗಬಹುದು.