ಬಣ್ಣ ಬೆರೆಸಿದ್ರೆ ಹೊಸ ಬಣ್ಣ ಬರಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಅಕ್ವೇರಿಯಂ ಸಿಗಡಿ ಸಾಕೋರಿಗೆ ಒಂದು ಮಾತು ಹೇಳ್ಬೇಕಿತ್ತು, ಜಾಗ ಕೊಟ್ರೆ ಉಪಕಾರ ಆಗುತ್ತೆ. ಕೆಂಪು ಚೆರ್ರಿ, ನೀಲಿ, ಹಳದಿ ಎಲ್ಲಾ ಒಂದೇ ಟ್ಯಾಂಕಿಗೆ ಬಿಟ್ರೆ ಬಣ್ಣಬಣ್ಣದ ಮರಿ ಬರುತ್ತೆ ಅಂತ ಅಂಗಡಿಯವ್ರು ಹೇಳಿದ್ದನ್ನ ನಂಬಿ ನಾನೂ ಬಿಟ್ಟೆ, ಹೆಣ್ಣು ಸಿಗಡಿ ಹೊಟ್ಟೆ ಕೆಳಗೆ ಮೊಟ್ಟೆ ಹೊತ್ಕೊಂಡು ತಿಂಗಳು ಹತ್ರ ಓಡಾಡ್ತು, ಆಮೇಲೆ ಮರಿಗಳನ್ನ ಲೆನ್ಸ್ ಹಿಡ್ಕೊಂಡು ನೋಡಿದ್ರೆ ಬಹುಪಾಲು ಗಾಜಿನ ಥರ, ಮೈಮೇಲೆ ಕಂದು ಚುಕ್ಕೆ, ಅಷ್ಟೇ. ಯಾಕಂದ್ರೆ ಇವೆಲ್ಲ ನಿಯೋಕ್ಯಾರಿಡಿನಾ ಡೇವಿಡಿ ಅನ್ನೋ ಒಂದೇ ಜಾತಿ, ಮೂಲ ಬಣ್ಣ ಮಾಸಲು ಕಂದು, ತಲೆಮಾರುಗಟ್ಟಲೆ ಆರಿಸಿ ಆರಿಸಿ ಕೆಂಪು ನೀಲಿ ಗಟ್ಟಿ ಮಾಡಿರ್ತಾರೆ, ಬೆರೆಸಿದ್ರೆ ಹಳೇ ಬಣ್ಣ ಮತ್ತೆ ತಲೆ ಎತ್ತುತ್ತೆ. ಹಾಗಂತ ಕ್ರಾಸ್ ಮಾಡೋದೇ ತಪ್ಪಲ್ಲ, ಟೈಗರ್, ಬೀ ಅನ್ನೋ ಬೇರೆ ಥರದ ಸಿಗಡಿಗಳನ್ನ ಸೇರ್ಸಿ ಟೈಬೀ ಅನ್ನೋ ಮಿಶ್ರತಳಿ ಮಾಡ್ತಾರೆ, ಚೆನ್ನಾಗೇ ಇರುತ್ತೆ, ಆದ್ರೆ ತಿಳಿದೋರು ಪ್ರತಿ ತಲೆಮಾರಲ್ಲೂ ಬೇಡದ ಮರಿ ಬೇರೆ ಟ್ಯಾಂಕಿಗೆ ಹಾಕಿ ಲೆಕ್ಕ ಇಡ್ತಾರೆ. ಚೆರ್ರಿ ಜೊತೆ ಕ್ರಿಸ್ಟಲ್ ರೆಡ್ (ಕೆಂಪು-ಬಿಳಿ ಪಟ್ಟೆಯ ಬೀ ಸಿಗಡಿ) ಇಟ್ರೆ ಬೆರೆಯೋ ಭಯ ಇಲ್ಲ, ಕುಲವೇ ಬೇರೆ, ಮರಿ ಆಗಲ್ಲ (ಎರಡಕ್ಕೂ ಒಂದೇ ನೀರು ಹೊಂದಲ್ಲ ಅನ್ನೋದು ಬೇರೆ ತಲೆನೋವು). ಮಿಶ್ರತಳಿ ಮಾರೋರು ಮಿಶ್ರ ಅಂತ ಬಾಯ್ಬಿಟ್ಟು ಹೇಳ್ಲಿ, ಅಷ್ಟು ಸಾಕು.

- ಒಬ್ಬ ಸಿಗಡಿ ಸಾಕೋನು